ಪಿಕಪ್ ಕೊನೆಗಿರಲಿ: ಅಗ್ಗದ ಎಲೆಕ್ಟ್ರಿಕ್ ಗಿಟಾರನ್ನು ಸುಧಾರಿಸುವ ಕ್ರಮ

ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರನ್ನು ರಿಪೇರಿ ಮೇಜಿನ ಮೇಲಿಟ್ಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಇದಕ್ಕೆ ಯಾವ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಅಯಸ್ಕಾಂತ ಮತ್ತು ಸುರುಳಿಯ ಭಾಗ) ಹಾಕಿಸಿದರೆ ಒಳ್ಳೆಯದು ಎಂದು. ಪಿಕಪ್ಪಿನ ಮಾತು ಕೊನೆಗಿರಲಿ ಎಂಬುದೇ ನನ್ನ ಉತ್ತರ. ಹೆಸರಾಂತ ಕಂಪನಿಯ ಮೂರು ಪಿಕಪ್‌ಗಳ ಬೆಲೆ ಹಲವು ವೇಳೆ ಗಿಟಾರಿನ ಬೆಲೆಯ ಅರ್ಧವನ್ನು ದಾಟುತ್ತದೆ, ಕೆಲವೊಮ್ಮೆ ಗಿಟಾರನ್ನೇ ಮೀರಿಸುತ್ತದೆ; ಅಷ್ಟು ಖರ್ಚು ಮಾಡಿದ ಮೇಲೂ ಶ್ರುತಿ ನಿಲ್ಲದಿದ್ದರೆ, ವಾಲ್ಯೂಮ್ ತಿರುಗಿಸಿದಾಗಲೆಲ್ಲ ಕರಕರ ಸದ್ದು ಬರುತ್ತಿದ್ದರೆ, ನುಡಿಸುವವರ ಪಾಲಿಗೆ ವಾದ್ಯ ಮೊದಲಿನಂತೆಯೇ ಉಳಿಯುತ್ತದೆ.

ವಿವರಣೆಗೆ ಒಂದೇ ಮಾದರಿಯನ್ನು ಹಿಡಿದುಕೊಳ್ಳುತ್ತೇನೆ: ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಐದು ಸ್ಥಾನಗಳ ಸ್ವಿಚ್, ಒಂದು ವಾಲ್ಯೂಮ್ ಹಾಗೂ ಎರಡು ಟೋನ್ ನಾಬ್‌ಗಳಿರುವ ಸ್ಟ್ರಾಟೋಕಾಸ್ಟರ್ ಮಾದರಿ. ಫೆಂಡರ್ ಕಂಪನಿ 1954ರಲ್ಲಿ ಹೊರತಂದ ಈ ವಿನ್ಯಾಸವನ್ನು ಅದೇ ಕಂಪನಿ 1980ರ ದಶಕದಿಂದ ಸ್ಕ್ವಾಯರ್ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೂ ಮಾರುತ್ತಿದೆ. ಬೇರೆ ಹತ್ತಾರು ಬ್ರಾಂಡ್‌ಗಳೂ ಅದನ್ನೇ ಅನುಸರಿಸುತ್ತವೆ. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳೇ ಮರ ಕೊರೆಯುವುದರಿಂದ ಇಂತಹ ಗಿಟಾರುಗಳ ಮೈ ಮತ್ತು ಕತ್ತಿನ ಅಳತೆಗಳಲ್ಲಿ ಈಗ ದೊಡ್ಡ ದೋಷಗಳು ವಿರಳ. ತಯಾರಕರು ಹಣ ಉಳಿಸುವುದು ಕೈಕೆಲಸದ ಸಮಯದಲ್ಲಿ ಮತ್ತು ಸಣ್ಣ ಬಿಡಿಭಾಗಗಳಲ್ಲಿ: ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ), ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ) ಅಂಚು, ಸ್ವಿಚ್, ಪಾಟ್ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿರುವ, ತಿರುಗಿಸಿ ಬದಲಿಸುವ ರೆಸಿಸ್ಟರ್), ಕೇಬಲ್ ಚುಚ್ಚುವ ಜ್ಯಾಕ್, ಬ್ರಿಡ್ಜಿನ (ಮೈಮೇಲೆ ತಂತಿಗಳನ್ನು ಹಿಡಿದಿಡುವ ಭಾಗದ) ಕೆಳಗಿನ ಲೋಹದ ಗಟ್ಟಿ.

ಇವುಗಳಲ್ಲಿ ಮೊದಲು ನೋಡಬೇಕಾದದ್ದು ನಟ್. ಶ್ರುತಿ ನಿಲ್ಲುವುದಿಲ್ಲ ಎಂದೊಡನೆ ಜನ ತಂತಿ ಬಿಗಿಯುವ ಟ್ಯೂನರ್‌ಗಳನ್ನು ದೂರುತ್ತಾರೆ, ಆದರೆ ತಪ್ಪು ಹೆಚ್ಚಾಗಿ ಪ್ಲಾಸ್ಟಿಕ್ ನಟ್‌ನಲ್ಲಿ ತಂತಿ ಕೂರುವ ಇಕ್ಕಟ್ಟಾದ ಕಚ್ಚುಗಳದ್ದು. ಪರೀಕ್ಷೆ ಸುಲಭವಾಗಿದೆ. ತಂತಿಯನ್ನು ಶ್ರುತಿಗೆ ತಂದು, ಬಲವಾಗಿ ಎಳೆದು ಬಿಡಬೇಕು. ಸ್ವರ ಇಳಿದಿದ್ದರೆ ನಟ್ ಮತ್ತು ಟ್ಯೂನರ್‌ಗಳ ನಡುವಿನ ತಂತಿಯನ್ನು ಬೆರಳಿನಿಂದ ಒಮ್ಮೆ ಒತ್ತಬೇಕು. ಅದರಿಂದ ಸ್ವರ ಮತ್ತೆ ತನ್ನ ಸ್ಥಾನಕ್ಕೆ ಬಂದರೆ ತಂತಿ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದೇ ಅರ್ಥ, ಟ್ಯೂನರ್ ನಿರಪರಾಧಿ. ಕಚ್ಚುಗಳು ಎತ್ತರದಲ್ಲಿ ಉಳಿದಿರುವುದು ಅಗ್ಗದ ಗಿಟಾರುಗಳ ಇನ್ನೊಂದು ಸಾಮಾನ್ಯ ದೋಷ. ಮೂರನೆಯ ಫ್ರೆಟ್ ಬಳಿ ತಂತಿಯನ್ನು ಒತ್ತಿ ಹಿಡಿದಾಗ ಮೊದಲನೆಯ ಫ್ರೆಟ್ ಮತ್ತು ತಂತಿಯ ನಡುವೆ ಕೂದಲೆಳೆಯಷ್ಟು ಮಾತ್ರ ತೆರವಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಮೊದಲ ಫ್ರೆಟ್‌ಗಳ ಸ್ವರಗಳು ಏರಿ ಕೇಳಿಸುತ್ತವೆ, ಎಫ್ ಕಾರ್ಡ್ ಹಿಡಿಯಲು ಹೆಣಗುವ ಕಲಿಕೆಯವರು ತಮ್ಮ ಬೆರಳುಗಳನ್ನೇ ಬೈದುಕೊಳ್ಳುತ್ತಾರೆ. ಒಳ್ಳೆಯ ಮೂಳೆಯ ನಟ್ ಒಂದನ್ನು ತಂದು, ತಂತಿಯ ದಪ್ಪಕ್ಕೆ ತಕ್ಕ ಅರಗಳಿಂದ ಕಚ್ಚು ಕೊರೆಸುವುದಕ್ಕೆ ತಗಲುವ ಖರ್ಚು ಪಿಕಪ್ಪಿನ ಖರ್ಚಿನ ಮುಂದೆ ಏನೂ ಅಲ್ಲ. ಕರ್ನಾಟಕ ಸಂಗೀತದ ಗಮಕಗಳನ್ನು ತಂತಿ ಎಳೆದು ನುಡಿಸುವವರಿಗಂತೂ ಈ ಕೆಲಸ ಅನಿವಾರ್ಯ, ಏಕೆಂದರೆ ಅವರ ತಂತಿ ನಟ್‌ನ ಮೇಲೆ ಒಂದೇ ಸಮನೆ ಜಾರುತ್ತಿರುತ್ತದೆ.

ಇಷ್ಟಾದ ಮೇಲೂ ಶ್ರುತಿ ಜಾರಿದರೆ, ಅಥವಾ ಟ್ಯೂನರ್‌ನ ಕಂಬ ಅಲ್ಲಾಡುತ್ತಿದ್ದರೆ ಬದಲಿಸಬಹುದು. ಕೊಳ್ಳುವ ಮುನ್ನ ತಲೆಭಾಗದ ರಂಧ್ರದ ವ್ಯಾಸವನ್ನೂ ಹಿಂಬದಿಯ ಸ್ಕ್ರೂಗಳ ಸ್ಥಾನವನ್ನೂ ಅಳೆದುಕೊಳ್ಳಬೇಕು. ಹೊಸ ರಂಧ್ರ ಕೊರೆಯದೆ ಕೂರುವಂಥದ್ದೇ ಸರಿಯಾದ ಟ್ಯೂನರ್.

ಇನ್ನು ವಿದ್ಯುತ್ ಭಾಗ. ಜ್ಯಾಕ್ ಸಡಿಲವಾಗಿದ್ದರೆ ಮೊದಲು ಅದನ್ನೇ ಬದಲಿಸಬೇಕು. ಸ್ವಿಚ್‌ಕ್ರಾಫ್ಟ್ ಕಂಪನಿಯದರಂತಹ ಗಟ್ಟಿಮುಟ್ಟಾದ ಜ್ಯಾಕ್ ವರ್ಷಗಟ್ಟಲೆ ಬಾಳುತ್ತದೆ. ಸ್ವಿಚ್‌ನ ಬಗ್ಗೆಯೂ ಇದೇ ಮಾತು, ಒಂದು ಎಚ್ಚರಿಕೆಯೊಡನೆ: ತೆರೆದ ರಚನೆಯ ಉತ್ತಮ ಸ್ವಿಚ್ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿನ ಅಗ್ಗದ ಸ್ವಿಚ್‌ಗಿಂತ ಹೆಚ್ಚು ಜಾಗ ಬೇಡುವುದರಿಂದ, ಮೈಯೊಳಗಿನ ಗೂಡು ಅಷ್ಟು ಆಳವಾಗಿದೆಯೇ ಎಂದು ಅಳೆದ ಮೇಲೆಯೇ ಕೊಳ್ಳಬೇಕು.

ಪಾಟ್‌ಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಅವು ಕೇವಲ ಸದ್ದು ಏರಿಸಿ ಇಳಿಸುವ ಭಾಗಗಳಲ್ಲ. ಪೂರ್ತಿ ತೆರೆದಿಟ್ಟಾಗಲೂ ಪಿಕಪ್ಪಿನ ಮೇಲೆ ಹೊರೆಯಾಗಿ ನಿಂತು ಅದರ ಸ್ವರೂಪವನ್ನು ತೀರ್ಮಾನಿಸುತ್ತವೆ. ಪಿಕಪ್ಪಿನ ಸುರುಳಿಗೂ ಕೇಬಲ್ಲಿನ ಧಾರಕತೆಗೂ ನಡುವೆ ಒಂದು ಅನುರಣನ ಏರ್ಪಡುತ್ತದೆ, ಅಂದರೆ ಒಂದು ಆವರ್ತನದ ಆಸುಪಾಸಿನ ಧ್ವನಿ ಎದ್ದು ಕೇಳಿಸುತ್ತದೆ. 2.4 ಹೆನ್ರಿ ಪ್ರೇರಕತೆಯ ಸಿಂಗಲ್ ಕಾಯಿಲ್ ಪಿಕಪ್ಪನ್ನು ಮೀಟರಿಗೆ 100 ಪಿಕೋಫ್ಯಾರಡ್‌ನಷ್ಟಿರುವ ಸಾಧಾರಣ ಕೇಬಲ್ಲಿಗೆ ಜೋಡಿಸಿದರೆ, ಸುರುಳಿಯದೇ ಆದ ಸುಮಾರು 100 ಪಿಕೋಫ್ಯಾರಡ್ ಸೇರಿ, 6 ಮೀಟರ್ ಕೇಬಲ್ಲಿನಲ್ಲಿ ಅನುರಣನದ ಶಿಖರ ಸುಮಾರು 3,900 ಹರ್ಟ್ಸ್‌ನಲ್ಲಿ ಬರುತ್ತದೆ. 3 ಮೀಟರಿನಲ್ಲಿ ಅದು 5,100ರ ಆಸುಪಾಸಿಗೆ ಏರುತ್ತದೆ. ಪಿಕಪ್ ಮಂಕಾಗಿದೆ ಎಂದು ದೂರುವ ಎಷ್ಟೋ ಮಂದಿಗೆ ಬೇಕಿರುವುದು ಚಿಕ್ಕ ಕೇಬಲ್ ಮಾತ್ರ. ಆ ಶಿಖರ ಎಷ್ಟು ಚೂಪಾಗಿರಬೇಕು ಎಂಬುದನ್ನು ಪಾಟ್‌ಗಳು ನಿರ್ಧರಿಸುತ್ತವೆ. 250 ಕಿಲೋ ಓಮ್‌ನ ಒಂದು ವಾಲ್ಯೂಮ್ ಹಾಗೂ ಒಂದು ಟೋನ್ ಪಾಟ್ ಸೇರಿದರೆ ಹೊರೆ ಸುಮಾರು 125 ಕಿಲೋ ಓಮ್. ಅಗ್ಗದ ಪಾಟ್‌ಗಳಲ್ಲಿ ಶೇ. 20ರಷ್ಟು ಹೆಚ್ಚುಕಡಿಮೆ ಇರುವುದು ಸಾಮಾನ್ಯವಾದ್ದರಿಂದ ಎರಡೂ 200ಕ್ಕೇ ನಿಂತಿದ್ದರೆ ಅದು 100ಕ್ಕೆ ಇಳಿದು ಧ್ವನಿ ಮುಸುಕು ಹಾಕಿಕೊಂಡಂತಾಗುತ್ತದೆ. ಹೀಗಾಗಿ ಏನನ್ನೇ ಬದಲಿಸುವ ಮುನ್ನ ಮಲ್ಟಿಮೀಟರ್ ಹಿಡಿದು ಅಳೆಯುವುದು ಒಳ್ಳೆಯದು. ಪಾಟ್‌ನ ಒಂದು ಕಾಲಿನ ಬೆಸುಗೆ ಬಿಡಿಸಿ ಅಳೆದರೆ ನಿಜವಾದ ಓಮ್ ಅಂಕಿ ಸಿಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಪಾಟ್ ಕೊಳ್ಳುವವರು ಅದರ ಮೈಮೇಲಿನ ಅಕ್ಷರವನ್ನು ಓದಬೇಕು. ಏಷ್ಯಾದ ತಯಾರಿಕೆಗಳಲ್ಲಿ ‘ಎ’ ಎಂದರೆ ಕಿವಿಯ ಗ್ರಹಿಕೆಗೆ ಹೊಂದುವ ಲಾಗರಿದಮಿಕ್ ಏರಿಕೆ, ‘ಬಿ’ ಎಂದರೆ ಸಮಪ್ರಮಾಣದ ಲೀನಿಯರ್ ಏರಿಕೆ. ವಾಲ್ಯೂಮಿಗೆ ‘ಬಿ’ ಹಾಕಿದರೆ ಹತ್ತರಿಂದ ಮೂರಕ್ಕೆ ಇಳಿಸುವವರೆಗೂ ಹೆಚ್ಚೇನೂ ಬದಲಾಗದೆ, ಕೊನೆಯಲ್ಲಿ ಸದ್ದು ಒಮ್ಮೆಲೇ ಕುಸಿದಂತೆ ಕೇಳಿಸುತ್ತದೆ. ಸಿಟಿಎಸ್ ಕಂಪನಿಯವುಗಳಂತಹ ದೊಡ್ಡ ಪಾಟ್‌ಗಳ ಕುತ್ತಿಗೆ 9.5 ಮಿ.ಮೀ. ಇರುವುದರಿಂದ ಸಣ್ಣ ಪಾಟ್‌ಗಳಿಗಾಗಿ ಕೊರೆದ ರಂಧ್ರವನ್ನು ಸ್ವಲ್ಪ ಅಗಲಿಸಬೇಕಾಗುತ್ತದೆ. ಹಳೆಯ ನಾಬ್‌ಗಳೂ ಹಲ್ಲುಗಳ ಸಂಖ್ಯೆ ಬೇರೆಯಾದ್ದರಿಂದ ಕೂರುವುದಿಲ್ಲ. ವಾಲ್ಯೂಮ್ ತಗ್ಗಿಸಿದಾಗ ತೀಕ್ಷ್ಣತೆ ಕಳೆದುಹೋಗುವುದು ತೊಂದರೆ ಎನಿಸಿದರೆ, ಪಾಟ್‌ನ ಒಳಬರುವ ಮತ್ತು ಹೊರಹೋಗುವ ಕಾಲುಗಳ ನಡುವೆ 0.001 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಗೂ 150 ಕಿಲೋ ಓಮ್ ರೆಸಿಸ್ಟರ್ ಅನ್ನು ಸಮಾಂತರವಾಗಿ ಬೆಸೆದರೆ ಸಾಕು. ಟೋನ್ ಕೆಪಾಸಿಟರ್‌ಗೆ ಎಣ್ಣೆಕಾಗದದ ದುಬಾರಿ ವಸ್ತುವನ್ನು ಹುಡುಕುವವರಿಗೆ ನಾನು ಬೇಡವೆನ್ನುತ್ತೇನೆ: ಅದರ ಅಳತೆ 0.022 ಮೈಕ್ರೋಫ್ಯಾರಡ್ಡೋ 0.047ರದ್ದೋ ಎಂಬುದು ಕಿವಿಗೆ ತಿಳಿಯುತ್ತದೆ, ಯಾವುದರಿಂದ ಮಾಡಿದ್ದು ಎಂಬುದು ತಿಳಿಯುವುದಿಲ್ಲ.

ಪಾಟ್‌ನ ಬೆನ್ನಿಗೆ ಅರ್ಥ್ ತಂತಿ ಬೆಸೆಯಲು ಮನೆಗಳಲ್ಲಿರುವ 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಲದು; ಲೋಹ ಬಿಸಿಯಾಗುವಷ್ಟರಲ್ಲಿ ಒಳಗಿನ ಇಂಗಾಲದ ಪಟ್ಟಿ ಕೆಡಬಹುದು. 50–60 ವ್ಯಾಟ್‌ನದನ್ನು ಹಿಡಿದು, ಬೆನ್ನನ್ನು ಮೊದಲು ಉಜ್ಜಿ, ಚುರುಕಾಗಿ ಮುಗಿಸಬೇಕು.

ಗುಂಯ್‌ಗುಡುವ ಸದ್ದಿನ ಬಗ್ಗೆ ತಪ್ಪು ಕಲ್ಪನೆಗಳು ಹೆಚ್ಚು. ಗೂಡಿನೊಳಗೆ ತಾಮ್ರದ ಪಟ್ಟಿ ಅಂಟಿಸಿ ಅದನ್ನು ಅರ್ಥ್‌ಗೆ ಸೇರಿಸಿದರೆ ಡಿಮ್ಮರ್, ಎಲ್‌ಇಡಿ ದೀಪಗಳಿಂದ ಬರುವ ಚೂಪಾದ ಸದ್ದು ಬಹಳ ತಗ್ಗುತ್ತದೆ. ಆದರೆ ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರದಿಂದ ಸುರುಳಿಯೇ ಹಿಡಿಯುವ 50 ಹರ್ಟ್ಸ್‌ನ ಗುಂಯ್‌ಕಾರವನ್ನು ತಾಮ್ರ ತಡೆಯುವುದಿಲ್ಲ. ತಂತಿಗಳನ್ನು ಮುಟ್ಟಿದಾಗ ಸದ್ದು ತಗ್ಗುವುದು ಸಹಜ, ಅದು ಬ್ರಿಡ್ಜ್ ಅರ್ಥ್‌ಗೆ ಸೇರಿರುವುದರ ಗುರುತು. ಮುಟ್ಟಿದಾಗ ಜುಮ್ಮೆಂದರೆ ಮಾತ್ರ ಗಿಟಾರನ್ನು ಕೂಡಲೇ ಕೆಳಗಿಡಬೇಕು. ನಮ್ಮಲ್ಲಿ ಹಳೆಯ ಮನೆಗಳ ಎಷ್ಟೋ ಮೂರು ಪಿನ್ನಿನ ಸಾಕೆಟ್‌ಗಳಲ್ಲಿ ಅರ್ಥ್ ತಂತಿಯೇ ಇರುವುದಿಲ್ಲ. ಆ್ಯಂಪ್‌ನ ಲೋಹದ ಚೌಕಟ್ಟಿನಿಂದ ತಂತಿಗಳವರೆಗೆ ನೇರ ಸಂಪರ್ಕವಿರುವ ವಾದ್ಯವನ್ನು ಹಿಡಿದವರಿಗೆ ಇದು ಪ್ರಾಣಾಪಾಯ. ಇಲ್ಲಿ ಬೇಕಿರುವುದು ಗಿಟಾರ್ ರಿಪೇರಿಯವನಲ್ಲ, ಎಲೆಕ್ಟ್ರಿಷಿಯನ್.

ಬ್ರಿಡ್ಜ್ ಬದಲಿಸುವವರು ತಂತಿಗಳ ಅಂತರ, ಸ್ಕ್ರೂಗಳ ಅಂತರ, ಮೈಯ ದಪ್ಪ, ಈ ಮೂರನ್ನೂ ಅಳೆಯಬೇಕು. ಕೆಲವು ಅಗ್ಗದ ಮಾದರಿಗಳ ಮೈ ತೆಳುವಾಗಿರುವುದರಿಂದ ಪೂರ್ಣ ಎತ್ತರದ ಉಕ್ಕಿನ ಗಟ್ಟಿ ಹಿಂಬದಿಯಿಂದ ಹೊರಗೆ ಇಣುಕುತ್ತದೆ. ಮಂಗಳೂರು, ಕಾರವಾರದ ಕಡೆಯವರು ಸ್ಯಾಡಲ್‌ಗಳ (ಬ್ರಿಡ್ಜಿನಲ್ಲಿ ತಂತಿ ಕೂರುವ ತುಣುಕುಗಳ) ಸಣ್ಣ ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಳ್ಳುವ ಮುನ್ನವೇ ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಿಸಿಕೊಳ್ಳುವುದು ಲೇಸು.

ಈಗ ಪಿಕಪ್. ಕೊಳ್ಳುವ ಮುನ್ನ ಇರುವುದರ ಎತ್ತರವನ್ನು ಸರಿಪಡಿಸಿ ನೋಡಬೇಕು: ಕೊನೆಯ ಫ್ರೆಟ್ ಒತ್ತಿದಾಗ ದಪ್ಪ ತಂತಿಯಿಂದ ಪಿಕಪ್‌ಗೆ 2.4 ಮಿ.ಮೀ., ಸಣ್ಣ ತಂತಿಯಿಂದ 2 ಮಿ.ಮೀ. ಇಟ್ಟು ಆರಂಭಿಸಬಹುದು. ಅಲ್ನಿಕೋ (ಒಂದು ಬಗೆಯ ಅಯಸ್ಕಾಂತದ ಮಿಶ್ರಲೋಹ) ಕಡ್ಡಿಗಳಿರುವ ಪಿಕಪ್ ತೀರಾ ಹತ್ತಿರವಿದ್ದರೆ ಅಯಸ್ಕಾಂತದ ಸೆಳೆತಕ್ಕೆ ತಂತಿಯ ಕಂಪನ ಕೆಟ್ಟು, ಒಂದೇ ಸ್ವರ ಎರಡಾಗಿ ತೇಲಾಡುತ್ತದೆ. ಅಗ್ಗದ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಕಡ್ಡಿಗಳ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಇರುತ್ತದೆ. ಅದು ಕೆಟ್ಟದ್ದೇನಲ್ಲ, ಡಿಸ್ಟಾರ್ಷನ್ ಇಟ್ಟು ನುಡಿಸುವವರಿಗೆ ಚೆನ್ನಾಗಿಯೇ ಒದಗುತ್ತದೆ. ಸ್ವಚ್ಛ ಧ್ವನಿಯಲ್ಲಿ ಬೆರಳಿನ ಒತ್ತಡದ ಸೂಕ್ಷ್ಮ ಕೇಳಬೇಕೆನ್ನುವವರು ಅಲ್ನಿಕೋ ಕಡ್ಡಿಗಳದ್ದನ್ನು ಆರಿಸಬಹುದು. ಜಾಹೀರಾತಿನಲ್ಲಿ ಕಾಣುವ ಕಿಲೋ ಓಮ್ ಅಂಕಿಯನ್ನು ಶಕ್ತಿಯ ಅಳತೆಯೆಂದು ನಂಬಬಾರದು, ಏಕೆಂದರೆ ತೆಳುವಾದ ತಂತಿ ಸುತ್ತಿದರೂ ಆ ಅಂಕಿ ಏರುತ್ತದೆ.

ಮೂರರಲ್ಲಿ ಒಂದನ್ನು ಮಾತ್ರ ಬದಲಿಸುವವರಿಗೆ ಒಂದು ತೊಡಕು ಎದುರಾಗಬಹುದು. ಹಲವು ಗಿಟಾರುಗಳಲ್ಲಿ ನಡುವಿನ ಪಿಕಪ್ಪಿನ ಸುತ್ತು ಮತ್ತು ಧ್ರುವ ಎರಡೂ ಉಳಿದವಕ್ಕೆ ವಿರುದ್ಧವಾಗಿರುತ್ತವೆ, ಅದರಿಂದಲೇ ನಡುವಿನದರೊಡನೆ ಇನ್ನೊಂದು ಪಿಕಪ್ ಸೇರಿ ಕೆಲಸ ಮಾಡುವ, ಸ್ವಿಚ್‌ನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಗುಂಯ್‌ಕಾರ ಅಡಗುತ್ತದೆ. ಹೊಸದನ್ನು ಹಾಕಿದ ಮೇಲೆ ಆ ಸ್ಥಾನಗಳಲ್ಲಿ ಧ್ವನಿ ತೆಳ್ಳಗಾಗಿ ಟೊಳ್ಳೆನಿಸಿದರೆ ಅದರ ಎರಡು ವಯರ್‌ಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಧ್ವನಿ ತುಂಬಿ ಬಂದರೂ ಗುಂಯ್‌ಕಾರ ಉಳಿದರೆ ಧ್ರುವವೇ ಹೊಂದಿಲ್ಲವೆಂದು ತಿಳಿಯಬೇಕು, ಅದು ವಯರ್ ಬದಲಿಸಿ ಸರಿಯಾಗುವಂಥದ್ದಲ್ಲ. ಹಳೆಯ ಪಿಕಪ್‌ನ ಮೇಲೆ ಸಣ್ಣ ದಿಕ್ಸೂಚಿಯೊಂದನ್ನು ಹಿಡಿದು ಮುಳ್ಳಿನ ಯಾವ ತುದಿ ಕಡ್ಡಿಯತ್ತ ತಿರುಗುತ್ತದೆ ಎಂಬುದನ್ನು ಬರೆದುಕೊಂಡು ಅಂಗಡಿಗೆ ಹೋದರೆ, ಡಬ್ಬಿ ಬಿಚ್ಚಿದಾಗ ಅಲ್ಲಿಯೇ ಹೋಲಿಸಿ ನೋಡಬಹುದು.