ಕೆಮ್ಮು ಒಂದೆಡೆ, ಸಕ್ಕರೆ ಇನ್ನೊಂದೆಡೆ: ದೇಹ ಮಾತ್ರ ಒಂದೇ

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿಯಿತೆಂದರೆ ಕೆಮ್ಮನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಕಾಳುಮೆಣಸಿನ ಕಷಾಯ ಕುಡಿದು ತೋಟಕ್ಕೆ ಹೊರಡುತ್ತಾರೆ. ಆದರೆ ಸಕ್ಕರೆ ಕಾಯಿಲೆ ಇರುವವರು ಎರಡು ವಾರ ದಾಟಿದ ಕೆಮ್ಮನ್ನು ಹಾಗೆ ಬಿಡಲೇಬಾರದು. ಅವರಿಗೆ ಕ್ಷಯ ಬರುವ ಸಂಭವ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಸಕ್ಕರೆ ಏರಿದಷ್ಟೂ ರೋಗಾಣುವನ್ನು ನುಂಗಬೇಕಾದ ಬಿಳಿ ರಕ್ತಕಣಗಳ ಚುರುಕು ತಗ್ಗುತ್ತದೆ. ಇತ್ತ ಕ್ಷಯದ ಸೋಂಕು ಸಕ್ಕರೆಯನ್ನು ಮತ್ತಷ್ಟು ಏರಿಸುತ್ತದೆ.

ಕ್ಷಯವನ್ನು ಪತ್ತೆಮಾಡಲು ಕಫ ಪರೀಕ್ಷಿಸುತ್ತಾರೆ. ಕ್ಷಯದ ರೋಗಾಣುವಿಗೆ ಮೇಣದಂಥ ಮೈಕೋಲಿಕ್ ಆಮ್ಲದ ಹೊದಿಕೆಯಿದೆ, ಸಾಮಾನ್ಯ ಬಣ್ಣ ಅದರೊಳಗೆ ಇಳಿಯುವುದಿಲ್ಲ. ಹಾಗಾಗಿ ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿದ ಕಫಕ್ಕೆ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಹಾಕಿ, ಆವಿ ಏಳುವವರೆಗೆ ಅಡಿಯಿಂದ ಕಾಯಿಸುತ್ತಾರೆ, ಕುದಿಯಲು ಬಿಡುವುದಿಲ್ಲ. ಆಮೇಲೆ ನೀರು ಬೆರೆಸಿದ ಗಂಧಕಾಮ್ಲದಲ್ಲಿ ತೊಳೆದರೆ ಸುತ್ತಲಿನದೆಲ್ಲ ಬಣ್ಣ ಬಿಡುತ್ತದೆ, ಈ ರೋಗಾಣು ಬಿಡುವುದಿಲ್ಲ. ಕೊನೆಗೆ ಮೆಥಿಲೀನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ರೋಗಾಣುಗಳಿದ್ದರೆ ಮಾತ್ರ ಹೀಗೆ ಕಣ್ಣಿಗೆ ಬೀಳುವುದು. ಅದಕ್ಕೇ ಈಗ ಸಿಬಿನಾಟ್ ಪರೀಕ್ಷೆಗೆ ಮೊದಲ ಮಣೆ. ಅದು ಸುಮಾರು 2 ಗಂಟೆಯಲ್ಲಿ ರೋಗಾಣುವಿನ ಡಿಎನ್‌ಎ ಪತ್ತೆಮಾಡಿ, ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತದೆಯೇ ಎಂಬುದನ್ನೂ ಹೇಳುತ್ತದೆ.

ಸಕ್ಕರೆಯ ಪರೀಕ್ಷೆ ಇದಕ್ಕಿಂತ ಸರಳ, ಆದರೆ ನಮ್ಮ ಊರುಗಳ ದೂರ ಅದನ್ನು ಕೆಡಿಸಬಲ್ಲದು. ಕೊಳವೆಯಲ್ಲಿ ಸುಮ್ಮನೆ ಇಟ್ಟ ರಕ್ತದ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ 5ರಿಂದ 7ರಷ್ಟು. ಘಟ್ಟದ ಮೇಲಿನ ಹಳ್ಳಿಯಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ಶಿವಮೊಗ್ಗ ಸೇರುವಷ್ಟರಲ್ಲಿ ಅಂಕಿ ಸುಳ್ಳಾಗಿರುತ್ತದೆ. ಬೂದು ಮುಚ್ಚಳದ ಕೊಳವೆಯಲ್ಲಿರುವ ಸೋಡಿಯಂ ಫ್ಲೋರೈಡ್ ಈ ನಷ್ಟವನ್ನು ಬಹುಮಟ್ಟಿಗೆ ತಡೆಯುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇದೆಯಲ್ಲ ಎನ್ನಬಹುದು. ಆದರೆ ಕ್ಷಯದ ರೋಗಿಗಳಲ್ಲಿ ರಕ್ತಹೀನತೆ ಸಾಮಾನ್ಯ, ರಕ್ತಹೀನತೆಯಿದ್ದರೆ ಆ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ.

ಚಿಕಿತ್ಸೆಯಲ್ಲಿ ನಿಜವಾದ ತೊಡಕು ಶುರುವಾಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುತ್ತದೆ. ಆ ಕಿಣ್ವಗಳು ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬೇಗ ಕರಗಿಸಿ ಹೊರಹಾಕುತ್ತವೆ. ರೋಗಿ ತಪ್ಪದೆ ಮಾತ್ರೆ ನುಂಗುತ್ತಾನೆ, ಸಕ್ಕರೆ ಏರುತ್ತಲೇ ಹೋಗುತ್ತದೆ, ಮನೆಯವರು ಅವನ ಬಾಯಿಚಪಲವನ್ನು ಬೈಯುತ್ತಾರೆ. ಇದು ನನಗೆ ಬಹಳ ಅನ್ಯಾಯವೆನಿಸುತ್ತದೆ. ಬದಲಾಗಬೇಕಾದದ್ದು ಔಷಧಿಯ ಪ್ರಮಾಣ. ಕೆಲವರಿಗೆ ಕ್ಷಯದ ಚಿಕಿತ್ಸೆ ನಡೆಯುವಷ್ಟು ಕಾಲ ಇನ್ಸುಲಿನ್ನೇ ಬೇಕಾಗುತ್ತದೆ. ಊಟದ ಮಾತೂ ಹೀಗೆಯೇ. ಕ್ಷಯಕ್ಕೆಂದು ಒಬ್ಬರು ಚೆನ್ನಾಗಿ ಉಣ್ಣಿ ಎನ್ನುತ್ತಾರೆ, ಸಕ್ಕರೆಗೆಂದು ಇನ್ನೊಬ್ಬರು ಅನ್ನ ಕಡಿಮೆ ಮಾಡಿ ಎನ್ನುತ್ತಾರೆ. ಗಂಜಿ, ಕಡುಬಿನ ಮನೆಯಲ್ಲಿ ಇವೆರಡನ್ನೂ ಹೊಂದಿಸುವ ದಾರಿ ಮೊಟ್ಟೆ, ಮೀನು, ಹುರುಳಿ, ಹೆಸರುಕಾಳು.

ಕಾಲಿನ ಕಡೆಗೂ ಗಮನವಿರಲಿ. ಸಕ್ಕರೆ ಕಾಯಿಲೆ ನರಗಳನ್ನು ಹಾಳುಮಾಡುತ್ತದೆ, ಕ್ಷಯದ ಐಸೋನಿಯಾಜಿಡ್ ಕೂಡ ಅದನ್ನೇ ಮಾಡಬಲ್ಲದು. ಜೋಮು ಹಿಡಿದ ಪಾದಕ್ಕೆ ತೋಟದಲ್ಲಿ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಈ ಔಷಧಿಯ ಜೊತೆಗೆ ಬಿ6 ಜೀವಸತ್ವದ ಮಾತ್ರೆ ಬರೆಯುವುದು ಇದೇ ಕಾರಣಕ್ಕೆ. ಚೀಟಿಯಲ್ಲಿ ಅದು ಕಾಣದಿದ್ದರೆ ವೈದ್ಯರನ್ನು ಕೇಳಿ.