ಸೀಟ್ ಬೆಲ್ಟ್ ನೆಪದಲ್ಲಿ ಸಿಕ್ಕ ಕಲ್ಲು

ನಾನು ಭೂವಿಜ್ಞಾನಿ, ಕಲ್ಲು ನೋಡುವುದೇ ಕೆಲಸ. ಚಂದ್ರನ ಮೇಲೆ ಮನುಷ್ಯರೇ ಹೋಗಬೇಕಾ, ರೋವರ್ ಸಾಲದಾ ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಬಾವುಟ ಅಲ್ಲ, ಗಗನಯಾತ್ರಿ ಡೇವಿಡ್ ಸ್ಕಾಟ್ ಅವರ ಸೀಟ್ ಬೆಲ್ಟ್.

1971, ಅಮೆರಿಕದ ಚಂದ್ರಯಾತ್ರೆ ಅಪೊಲೊ 15. ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಚಂದ್ರನ ಮೇಲೆ ಗಾಡಿಯಲ್ಲಿ ನೌಕೆಗೆ ವಾಪಸ್ ಬರುತ್ತಿದ್ದರು, ಟೈಮ್ ಮುಗಿಯುತ್ತಾ ಬಂದಿತ್ತು. ದಾರಿಯಲ್ಲಿ ತೂತು ತೂತಾದ ಒಂದು ಕಪ್ಪು ಬಸಾಲ್ಟ್ (ಲಾವಾ ಆರಿ ಆದ ಕಲ್ಲು) ಕಣ್ಣಿಗೆ ಬಿತ್ತು. ನಿಲ್ಲಿಸಲಾ ಅಂತ ಕೇಳಿದರೆ ಭೂಮಿಯಿಂದ ನಿಯಂತ್ರಿಸುತ್ತಿದ್ದ ಹ್ಯೂಸ್ಟನ್‌ನವರು ಬೇಡ ಅನ್ನುತ್ತಾರೆ, ಅದು ಗೊತ್ತಿದ್ದದ್ದೇ. ಸ್ಕಾಟ್ ಸುಮ್ನೆ ಸೀಟ್ ಬೆಲ್ಟ್ ಸರಿಮಾಡಿಕೊಳ್ಳುವ ನೆಪ ಹೇಳಿ ಇಳಿದರು. ಅವರು ಕಲ್ಲು ಎತ್ತಿಕೊಳ್ಳುವವರೆಗೆ ಇರ್ವಿನ್ ಸುತ್ತಲಿನ ಕುಳಿಗಳ ವರ್ಣನೆ ಮಾಡುತ್ತಾ ಕೂತರು. ಆ ತೂತುಗಳು ಲಾವಾದೊಳಗಿದ್ದ ಅನಿಲದ ಗುಳ್ಳೆಗಳ ಗುರುತು. ಸ್ಕಾಟ್ ಪೈಲಟ್, ಭೂವಿಜ್ಞಾನಿ ಅಲ್ಲ. ಲೀ ಸಿಲ್ವರ್ ಅಂಥ ಪ್ರೊಫೆಸರ್‌ಗಳು ಬೆಟ್ಟ, ಮರುಭೂಮಿ ಅಂತ ಮತ್ತೆ ಮತ್ತೆ ಫೀಲ್ಡ್‌ಗೆ ಎಳೆದುಕೊಂಡು ಹೋಗಿದ್ದಕ್ಕೇ ಆ ಕಣ್ಣು ಬಂದದ್ದು.

ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಅಪೊಲೊ 17ರ ಜೊತೆ ನಿಜವಾದ ಭೂವಿಜ್ಞಾನಿಯೇ ಹೋದರು, ಹ್ಯಾರಿಸನ್ ಶ್ಮಿಟ್. ಶಾರ್ಟಿ ಅನ್ನುವ ಕುಳಿಯ ಅಂಚಿನಲ್ಲಿ ಅವರ ಬೂಟು ಮೇಲಿನ ಬೂದು ಮಣ್ಣನ್ನು ಕೆದಕಿದಾಗ ಕೆಳಗೆ ಕಿತ್ತಳೆ ಬಣ್ಣ! ಅಲ್ಲಿ ಇದ್ದದ್ದು ಅರ್ಧ ಗಂಟೆ ಅಷ್ಟೇ. ಅಷ್ಟರಲ್ಲೇ ತೋಡಿದರು, ಮಣ್ಣು ತುಂಬಿದರು, ಕೊಳವೆ ಬಡಿದು ಆಳದ್ದನ್ನೂ ತೆಗೆದರು. ಅದು ಸುಮಾರು 350 ಕೋಟಿ ವರ್ಷ ಹಿಂದೆ ಜ್ವಾಲಾಮುಖಿ ಕಾರಂಜಿಯಂತೆ ಚಿಮ್ಮಿಸಿದ ಗಾಜಿನ ಸಣ್ಣ ಮಣಿಗಳ ಮಣ್ಣು. 2011ರಲ್ಲಿ ಹೊಸ ಉಪಕರಣಗಳಿಂದ ನೋಡಿದಾಗ ಆ ಮಣಿಗಳೊಳಗಿನ ಹರಳುಗಳಲ್ಲಿ ಸಿಕ್ಕಿಕೊಂಡಿದ್ದ ಲಾವಾದಲ್ಲಿ ನೀರು ಸಿಕ್ಕಿತು. ಚಂದ್ರನ ಒಡಲು ಪೂರ್ತಿ ಒಣಗಿದ್ದು ಅನ್ನುವ ಹಳೇ ನಂಬಿಕೆ ಅಲುಗಾಡಿತು. ಕಲ್ಲು ಕೈಯಲ್ಲಿದ್ದರೆ ಇದೇ ಲಾಭ. ಅಪೊಲೊದವರು ತಂದ 382 ಕಿಲೋದಲ್ಲಿ ಇನ್ನೂ ಕೆಲಸ ನಡೆಯುತ್ತಿದೆ.

ರೋವರ್‌ಗಳನ್ನು ಹೀಗಳೆಯುತ್ತಿಲ್ಲ. 2023ರಲ್ಲಿ ನಮ್ಮ ಪ್ರಜ್ಞಾನ್ ಗಂಧಕವನ್ನು ಗುರುತಿಸಿತು, ಖರ್ಚೂ ಜೀವಭಯವೂ ಕಮ್ಮಿ. ಆದರೆ ಅದು ಓಡಾಡಿದ್ದು ನೂರು ಮೀಟರ್ ಚಿಲ್ಲರೆ. ಅಪೊಲೊ 17ರವರು ಮೂರು ದಿನದಲ್ಲಿ ಸುಮಾರು 35 ಕಿಲೋಮೀಟರ್ ಸುತ್ತಿದರು. ಅದಕ್ಕಿಂತ ಜಾಸ್ತಿ ಮುಖ್ಯ, ಪ್ಲಾನ್‌ನಲ್ಲಿ ಇಲ್ಲದ್ದು ಕಂಡಾಗ ಅಲ್ಲೇ ನಿಂತು ತೀರ್ಮಾನ ಮಾಡಿದರು.

2040ರ ಹೊತ್ತಿಗೆ ಭಾರತೀಯರನ್ನು ಚಂದ್ರನ ಮೇಲೆ ಇಳಿಸುವ ಗುರಿ ಇದೆ. ರಾಕೆಟ್ಟಿನ ಚರ್ಚೆ ಜೋರಾಗಿದೆ, ಆಗಲಿ. ಯಾರು ಹೋಗುತ್ತಾರೋ ಅವರನ್ನು ಈಗಿನಿಂದಲೇ ತಮಿಳುನಾಡಿನ ಸಿತ್ತಂಪೂಂಡಿಗೆ ಕಳಿಸಿ. ಇಸ್ರೋ ಚಂದ್ರನ ಮಣ್ಣಿನ ನಕಲು ಮಾಡಿದ್ದು ಅಲ್ಲಿನ ಅನಾರ್ಥೊಸೈಟ್ ಅನ್ನುವ, ಚಂದ್ರನ ಮೇಲೂ ಇರುವಂಥ ಕಲ್ಲಿನಿಂದಲೇ ಅಲ್ವಾ? ಕೈಗೆ ಸುತ್ತಿಗೆ ಕೊಡಿ, ಜೊತೆಗೆ ಬೈಯುವ ಒಬ್ಬ ಮೇಷ್ಟ್ರೂ ಇರಲಿ.