ನಂಗಾ ಬೆಟ್ಟ: ಅಚ್ಚಿನ ಪುಸ್ತಕದಲ್ಲಿ ಕಾಣದ ತೇವ

ನಂಗಾ ಜಪಾನಿನ ಒಂದು ಮಸಿಚಿತ್ರ ಶೈಲಿ. ಹೆಸರಿನ ಅರ್ಥ ‘ದಕ್ಷಿಣದ ಚಿತ್ರ’. ಚೀನಾದ ದಕ್ಷಿಣ ಭಾಗ ಎಂದು ಓದಿಕೊಂಡರೆ ದಾರಿ ತಪ್ಪಿತು. ಚೀನೀ ಚಿತ್ರಕಾರ, ವಿಮರ್ಶಕ ಡಾಂಗ್ ಚಿಚಾಂಗ್ ಝೆನ್ ಬೌದ್ಧ ಪಂಥದ ‘ಉತ್ತರ’, ‘ದಕ್ಷಿಣ’ ಎಂಬ ಎರಡು ಕವಲುಗಳ ಹೆಸರನ್ನೇ ಚಿತ್ರಕಾರರಿಗೂ ಹಚ್ಚಿದ, ಅಷ್ಟೇ. ಬುಂಜಿಂಗಾ, ಅಂದರೆ ವಿದ್ವಾಂಸರ ಚಿತ್ರ, ಹೆಚ್ಚುಕಡಿಮೆ ಇದೇ.

‘ವಿದ್ವಾಂಸ ಚಿತ್ರ ಮಾರುವುದಿಲ್ಲ’ ಎಂಬ ಚೀನೀ ಆದರ್ಶವನ್ನು ಎದೋ ಕಾಲದ (1603–1868) ಜಪಾನಿಗೆ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಚೀನೀ ವಿದ್ವಾಂಸರಂತೆ ಪರೀಕ್ಷೆ ಬರೆದು ಅಧಿಕಾರಿಯಾಗುವ ವ್ಯವಸ್ಥೆ ಜಪಾನಿನಲ್ಲಿರಲಿಲ್ಲ. ನಂಗಾ ಚಿತ್ರಕಾರ ಇಕೆ ನೊ ತೈಗಾ (1723–1776) ಬೀಸಣಿಗೆಗೆ ಚಿತ್ರ ಬರೆದು ಮಾರಿದವನು. ಇನ್ನೊಬ್ಬ, ಉರಾಗಾಮಿ ಗ್ಯೊಕುದೊ, ಸಮುರಾಯ್. 1794ರಲ್ಲಿ ಚಾಕರಿ ಬಿಟ್ಟು, ಏಳು ತಂತಿಯ ವಾದ್ಯ ಹೊತ್ತು, ಇಬ್ಬರು ಗಂಡುಮಕ್ಕಳೊಂದಿಗೆ ಹೊರಟ.

ಇನ್ನು ಕುಂಚ. ಈ ಚಿತ್ರಕಾರರು ಚೀನಾಕ್ಕೆ ಹೋಗುವಂತಿರಲಿಲ್ಲ. ಹೆಚ್ಚಿನದನ್ನು ಕಲಿತದ್ದು ಮರದಚ್ಚಿನ ಕೈಪಿಡಿಗಳಿಂದ. ಅಚ್ಚಿನಲ್ಲಿ ಗೆರೆ ಎಲ್ಲಿಗೆ ಹೋಗುತ್ತದೆ ಎಂಬುದು ಕಾಣುತ್ತದೆ, ಎಷ್ಟು ಒದ್ದೆ ಎಂಬುದು ಕಾಣುವುದಿಲ್ಲ. ಅದನ್ನೇ ನಕಲು ಮಾಡಿದರೆ ಬೆಟ್ಟಕ್ಕೆ ತಂತಿ ಸುತ್ತಿದಂತಾಗುತ್ತದೆ.

ಬೆಟ್ಟದ ಮೈಗೆ ಎಳೆಯುವ ಗೆರೆಗೆ ಶುನ್ ಎನ್ನುತ್ತಾರೆ. ನಂಗಾದಲ್ಲಿ ಮುಖ್ಯವಾದದ್ದು ಹಿಮಾ-ಶುನ್: ಬಿಡಿಸಿಟ್ಟ ಸೆಣಬಿನ ನಾರಿನಂತೆ ಉದ್ದ, ಸಡಿಲ, ಅಲ್ಲಲ್ಲಿ ಒಂದರ ಮೇಲೊಂದು. ಕಲ್ಲಿನ ಮೇಲೆ ಅರ್ಧ ಚಮಚ ನೀರಿನಲ್ಲಿ ಮಸಿ ತೇಯ್ದು, ಪಕ್ಕದ ತಟ್ಟೆಯಲ್ಲಿ ಒಂದು ಪಾಲು ಮಸಿಗೆ ಏಳೆಂಟು ಪಾಲು ನೀರು ಬೆರೆಸಿ. ಕುಂಚವನ್ನು ತೆಳು ಮಸಿಯಲ್ಲಿ ಪೂರ್ತಿ ನೆನೆಸಿ, ಬಟ್ಟೆಗೆ ಒತ್ತಿ ಮುಕ್ಕಾಲು ನೀರು ತೆಗೆದು, ತುದಿಗೆ ಮಾತ್ರ ಗಟ್ಟಿ ಮಸಿ ಮುಟ್ಟಿಸಿ. ಒತ್ತುವುದನ್ನು ಬಿಟ್ಟರೆ ಹೀರುವ ಕಾಗದದಲ್ಲಿ ಗೆರೆಗಳು ಕೂಡಿಕೊಂಡು ಕಲೆಯಾಗುತ್ತವೆ. ಅತಿಯಾಗಿ ಒತ್ತಿದರೆ ಎರಡನೇ ಗೆರೆಗೇ ಕುಂಚ ಸೀಳುತ್ತದೆ. ಸರಿಯಾಗಿದ್ದರೆ ಆರೇಳು ಗೆರೆ ಬರುತ್ತವೆ, ಮೊದಲನೆಯದು ಕಪ್ಪು, ಕೊನೆಯದು ಬೂದು. ನಡುವೆ ಅದ್ದಬೇಡಿ! ಬೆಟ್ಟದ ಉಬ್ಬುತಗ್ಗು ಹುಟ್ಟುವುದೇ ಆ ಇಳಿಕೆಯಿಂದ.

ಕುಂಚ ನೆಟ್ಟಗಿರಲಿ. ಓರೆ ಹಿಡಿದರೆ ಕೊಡಲಿಯಿಂದ ಕೆತ್ತಿದಂಥ ಗೆರೆ ಬರುತ್ತದೆ, ಅದು ‘ಉತ್ತರ’ದವರ ಗುರುತು. ಎಲ್ಲ ಗೆರೆಯೂ ಸಮಾಂತರವಾದರೆ ಬಾಚಣಿಗೆ.

ಕ್ರಮ: ಹೊರಗೆರೆ, ಶುನ್, ತೆಳು ಬಣ್ಣ, ಕೊನೆಗೆ ಪಾಚಿಯ ಚುಕ್ಕೆ. ಚುಕ್ಕೆ ಮೊದಲಿಟ್ಟರೆ ಬಣ್ಣದ ನೀರು ತಾಗಿ ಅದರ ಚುರುಕು ಹೋಗುತ್ತದೆ. ಗ್ಯೊಕುದೊನ ಹಿಮದ ಬೆಟ್ಟಗಳಲ್ಲಿ ಒದ್ದೆ ಪದರದ ಮೇಲೆ ಒಣ ಕುಂಚ ಉಜ್ಜಿದ್ದು ಕಾಣುತ್ತದೆ. ಅದಕ್ಕೆ ಕೈ ಹಾಕುವುದು ಆಮೇಲೆ, ಹಿಮಾ-ಶುನ್ ಕೈಗೆ ಹತ್ತಿದ ಮೇಲೆ.